ಎದೆ, ಹೊಟ್ಟೆಗೆ ಪೆಟ್ಟು ಬಿದ್ದಾಗ: ಆಸ್ಪತ್ರೆ ಮುಟ್ಟುವ ತನಕ ಏನು ನೋಡಬೇಕು, ಏನು ಮಾಡಬೇಕು

ಪರಾಂಚಿಯಿಂದ (ಕಟ್ಟಡ ಕೆಲಸಕ್ಕೆ ಕಟ್ಟುವ ಅಟ್ಟಣಿಗೆ) ಜಾರಿ ಬಿದ್ದವನು ಎದ್ದು ಕೂತು "ಏನೂ ಆಗಿಲ್ಲ ಬಿಡ್ರಿ" ಅನ್ನುತ್ತಾನೆ. ಮೈಮೇಲೆ ರಕ್ತವಿಲ್ಲ, ಕೈಕಾಲು ಆಡುತ್ತಿವೆ. ಮುಕಾದಮ ಒಂದು ಲೋಟ ನೀರು ಕುಡಿಸಿ ನೆರಳಿಗೆ ಮಲಗಿಸುತ್ತಾನೆ. ತಾಸೊಪ್ಪತ್ತಿನಲ್ಲಿ ಮೈ ತಣ್ಣಗಾಗಿ, ಬೆವರು ಬಿಟ್ಟು, ಮಾತು ತೊದಲತೊಡಗುತ್ತದೆ. ಪುಣೆಯ ಹಿಂಜವಡಿ, ವಾಕಡ, ಖರಾಡಿಯ ಕಟ್ಟಡ ಕೆಲಸಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ನಮ್ಮ ಜನ ಸಾವಿರಗಟ್ಟಲೆ ಇದ್ದಾರೆ. ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯ ಕಡೆಗೆ ಇಳಿಯುವ ಹೆದ್ದಾರಿಯಲ್ಲಿ, ದ್ವಿಚಕ್ರ ವಾಹನ ತುಂಬಿದ ಊರೊಳಗಿನ ರಸ್ತೆಗಳಲ್ಲಿ ದಿನಾ ಓಡಾಡುವವರೂ ಕಡಿಮೆಯಿಲ್ಲ. ಈ ಲೇಖನ ಅವರಿಗಾಗಿ, ಅವರ ಪಕ್ಕದಲ್ಲಿ ನಿಂತಿರುವವರಿಗಾಗಿ. ಕೊನೆಯ ಭಾಗ ಸಣ್ಣ ದವಾಖಾನೆಗಳಲ್ಲಿ ಕೆಲಸ ಮಾಡುವ ಡಾಕ್ಟರು, ನರ್ಸುಗಳಿಗೆ.

ಕೈಕಾಲಿನ ಗಾಯಕ್ಕೂ ಎದೆ-ಹೊಟ್ಟೆಯ ಗಾಯಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕೈ ಕೊಯ್ದರೆ ರಕ್ತ ಹೊರಗೆ ಬರುತ್ತದೆ, ಬಟ್ಟೆ ಕಟ್ಟಿ ಒತ್ತಬಹುದು. ಎದೆಗೂಡಿನೊಳಗೆ ಒಂದೊಂದು ಬದಿಯಲ್ಲೂ ಎರಡು ಲೀಟರಿಗೂ ಹೆಚ್ಚು ರಕ್ತ ಸೇರಬಹುದು. ಹೊಟ್ಟೆಯೊಳಗೆ ಇನ್ನೂ ಹೆಚ್ಚು ಜಾಗವಿದೆ. 60 ಕೆ.ಜಿ. ತೂಕದ ಮನುಷ್ಯನ ಮೈಯಲ್ಲಿ ಇರುವುದೇ ನಾಲ್ಕು ಲೀಟರಿಗಿಂತ ತುಸು ಹೆಚ್ಚು ರಕ್ತ. ಅಂದರೆ ಒಂದು ಹನಿಯೂ ಹೊರಗೆ ಕಾಣದೆ ಜೀವ ಹೋಗುವಷ್ಟು ರಕ್ತ ಒಳಗೇ ಸೋರಬಲ್ಲದು. ಅದನ್ನು ನಿಲ್ಲಿಸುವುದು ಆಪರೇಷನ್ ಥಿಯೇಟರಿನಲ್ಲಿ ಮಾತ್ರ ಸಾಧ್ಯ. ಹಾಗಾಗಿ ನಮ್ಮ ಕೆಲಸ ಮೂರೇ: ಬೇಗ ಗುರುತಿಸುವುದು, ಇದ್ದದ್ದನ್ನು ಕೆಡಿಸದಿರುವುದು, ಸರಿಯಾದ ಜಾಗಕ್ಕೆ ಬೇಗ ಮುಟ್ಟಿಸುವುದು.

ಮೊದಲ ಎರಡು ನಿಮಿಷ

ಹತ್ತಿರ ಓಡುವ ಮೊದಲು ಮೇಲೆ ನೋಡಿ. ಸಡಿಲವಾದ ಪೈಪು, ತೂಗಾಡುವ ಸರಳು, ತುಂಡಾದ ವೈರು ಇದ್ದರೆ ಮೊದಲು ಕರೆಂಟು ತೆಗೆಸಿ, ಕೆಳಗಿನ ಜಾಗ ಖಾಲಿ ಮಾಡಿಸಿ. ರಸ್ತೆಯಾದರೆ ಬರುವ ವಾಹನ ತಡೆಯಲು ಒಬ್ಬನನ್ನು ಹಿಂದಕ್ಕೆ ನಿಲ್ಲಿಸಿ.

ಇನ್ನೊಬ್ಬ ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ, ಸ್ಪೀಕರ್ ಹಾಕಿಕೊಂಡು ಗಾಯಾಳುವಿನ ಪಕ್ಕದಲ್ಲೇ ನಿಲ್ಲಲಿ. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಆಂಬ್ಯುಲೆನ್ಸಿಗೆ ಇದೇ ನಂಬರು. ಅದು ಹತ್ತದಿದ್ದರೆ 112. ಗಾಬರಿಯಲ್ಲಿ ಮರಾಠಿ ಬಾಯಿಗೆ ಬಾರದವರಿಗೆ ಮೂರು ವಾಕ್ಯ ಸಾಕು: "ಛಾತೀಲಾ ಮಾರ್ ಲಾಗ್‌ಲಾಯ್" (ಎದೆಗೆ ಪೆಟ್ಟಾಗಿದೆ), "ಪೋಟಾಲಾ ಮಾರ್ ಲಾಗ್‌ಲಾಯ್" (ಹೊಟ್ಟೆಗೆ ಪೆಟ್ಟಾಗಿದೆ), "ಶ್ವಾಸ್ ಘ್ಯಾಯ್‌ಲಾ ತ್ರಾಸ್ ಹೋತೋಯ್" (ಉಸಿರಾಡಲು ಕಷ್ಟವಾಗುತ್ತಿದೆ). ಜಾಗ ಹೇಳುವಾಗ ಬಿಲ್ಡರನ ಹೆಸರಿಗಿಂತ ಹತ್ತಿರದ ಚೌಕ, ಶಾಲೆ, ಪೆಟ್ರೋಲ್ ಬಂಕು ಹೇಳಿ, ಗೇಟಿನ ಬಳಿ ಒಬ್ಬನನ್ನು ನಿಲ್ಲಿಸಿ. ದೊಡ್ಡ ಸೈಟುಗಳಲ್ಲಿ ಆಂಬ್ಯುಲೆನ್ಸ್ ಗೇಟಿಗೆ ಬಂದು ಒಳದಾರಿ ತಿಳಿಯದೆ ನಿಲ್ಲುವುದರಲ್ಲೇ ಎಷ್ಟೋ ಹೊತ್ತು ಹೋಗುತ್ತದೆ.

ಈಗ ಗಾಯಾಳು. ಹೆಸರು ಕೇಳಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಉಸಿರಿನ ದಾರಿ ತೆರೆದಿದೆ, ಮೆದುಳಿಗೆ ರಕ್ತ ಹೋಗುತ್ತಿದೆ. ಎರಡೆರಡು ಪದಕ್ಕೆ ನಿಂತು ಉಸಿರು ಎಳೆದುಕೊಂಡರೆ ಎದೆಯಲ್ಲಿ ತೊಂದರೆಯಿದೆ. ಉತ್ತರವೇ ಬರದೆ, ಉಸಿರೂ ಇಲ್ಲದಿದ್ದರೆ ಎದೆಗೆ ಪೆಟ್ಟು ಬಿದ್ದಿದೆ ಎಂದು ಹಿಂಜರಿಯದೆ ಎದೆಯ ನಡುವೆ ಒತ್ತಲು ಶುರು ಮಾಡಿ: ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳ.

ಹೊರಗೆ ರಕ್ತ ಚಿಮ್ಮುತ್ತಿದ್ದರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ಒತ್ತಿ ಹಿಡಿಯಿರಿ. ಹಾಗಿಲ್ಲದಿದ್ದರೆ ಮೊಬೈಲಿನ ಟೈಮರ್ ಹಾಕಿ 30 ಸೆಕೆಂಡು ಉಸಿರು ಎಣಿಸಿ, ಎರಡರಿಂದ ಗುಣಿಸಿ. "ಉಸಿರು ಎಣಿಸ್ತೀನಿ" ಎಂದು ಹೇಳಬೇಡಿ. ಹೇಳಿದರೆ ಅವನು ಬೇಕೆಂದೇ ನಿಧಾನವಾಗಿ ಆಡಿಸುತ್ತಾನೆ. ನಾಡಿ ಹಿಡಿದವರ ಹಾಗೆ ಮಣಿಕಟ್ಟು ಹಿಡಿದುಕೊಂಡು ಎದೆಯ ಮೇಲೆ ಕಣ್ಣಿಡಿ. ದೊಡ್ಡವರಲ್ಲಿ 12ರಿಂದ 20 ಸಹಜ. 24 ದಾಟಿದರೆ ಚಿಂತೆ. 30 ದಾಟಿದರೆ, ಇಲ್ಲವೇ 10ಕ್ಕಿಂತ ಕಡಿಮೆಯಾದರೆ ಅಪಾಯ. ಆಮೇಲೆ ನಾಡಿ: 120ಕ್ಕಿಂತ ಹೆಚ್ಚಾಗಿ, ಕೈ ತಣ್ಣಗೆ ಬೆವರಿದ್ದರೆ, ಗಾಯ ಕಾಣದಿದ್ದರೂ ಒಳಗೆ ರಕ್ತ ಹೋಗುತ್ತಿದೆ ಎಂದೇ ಲೆಕ್ಕ. ಮಣಿಕಟ್ಟಿನಲ್ಲಿ ನಾಡಿ ಸಿಗದೆ ಕುತ್ತಿಗೆಯಲ್ಲಿ ಮಾತ್ರ ಸಿಕ್ಕರೆ ಪರಿಸ್ಥಿತಿ ತೀರಾ ಬಿಗಡಾಯಿಸಿದೆ.

ಇಲ್ಲಿ ಬಿ.ಪಿ. ಮಿಷನ್ ಮೋಸ ಮಾಡುತ್ತದೆ. ಮೈಯ ರಕ್ತದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗುವ ತನಕವೂ ಬಿ.ಪಿ. ಇಳಿಯದೇ ಇರಬಹುದು, ಏಕೆಂದರೆ ರಕ್ತನಾಳಗಳು ಬಿಗಿದುಕೊಂಡು, ಹೃದಯ ಜೋರಾಗಿ ಬಡಿದು ಒತ್ತಡ ಕಾಯ್ದುಕೊಳ್ಳುತ್ತವೆ. ಮಕ್ಕಳಲ್ಲಿ ಇದು ಇನ್ನೂ ಹೆಚ್ಚು: ಕೊನೆಯ ಗಳಿಗೆಯ ತನಕ ಬಿ.ಪಿ. ಸರಿಯಾಗೇ ಇದ್ದು ಒಮ್ಮೆಲೇ ಕುಸಿಯುತ್ತದೆ. 120/80 ಬಂತೆಂದು ಮನೆಗೆ ಕಳಿಸಬೇಡಿ. ಬಿ.ಪಿ. ಇಳಿಯುವ ಮುಂಚೆಯೇ ಉಸಿರು, ನಾಡಿ, ಮೈಯ ಬಣ್ಣ ಬದಲಾಗುತ್ತವೆ. ಒಂದು ಸಲ ನೋಡಿದ ಅಂಕಿಗಿಂತ ಅದು ಯಾವ ಕಡೆಗೆ ಹೋಗುತ್ತಿದೆ ಎಂಬುದು ಮುಖ್ಯ. ಐದೈದು ನಿಮಿಷಕ್ಕೆ ಎಣಿಸಿ, ಸಮಯದ ಸಮೇತ ಒಂದು ರಟ್ಟಿನ ಚೂರಿನ ಮೇಲೆ ಬರೆದಿಡಿ. "5:10 - ಉಸಿರು 20, ನಾಡಿ 96, 5:15 - ಉಸಿರು 28, ನಾಡಿ 124" ಎಂಬ ಎರಡು ಸಾಲನ್ನು ಓದಿದ ಡಾಕ್ಟರು ಬೇರೇನೂ ಕೇಳದೆ ಓಡುತ್ತಾರೆ.

ಅಂಗಿಯನ್ನು ಕತ್ತರಿಸಿ ತೆಗೆಯಿರಿ, ತಲೆ ಮೇಲಿಂದ ಎಳೆಯಬೇಡಿ. ಬೆನ್ನು, ಕಂಕುಳು, ಪಕ್ಕೆ, ಸೊಂಟ ನೋಡಿ. ಬೆನ್ನಿನ ತೂತು ಮಲಗಿದವನಲ್ಲಿ ಕಾಣುವುದಿಲ್ಲ. ಅಂಗೈಯನ್ನು ಕೆಳಗೆ ಸರಿಸಿ ರಕ್ತ ಅಂಟುತ್ತದೆಯೇ ನೋಡಿ. ಗಾಯಾಳು ಹೆಂಗಸಾದರೆ ಮೇಲೆ ದುಪಟ್ಟಾ ಹೊದಿಸಿ ಒಂದೊಂದೇ ಭಾಗ ತೆರೆಯಿರಿ. ಮರ್ಯಾದೆಯ ಸಂಕೋಚಕ್ಕೆ ನೋಡದೇ ಬಿಡುವುದು ಬೇಡ.

ಎದೆಯ ಪೆಟ್ಟು

ಒಂದೋ ಎರಡೋ ಪಕ್ಕೆಲುಬು ಮುರಿದಿದ್ದರೆ ಒಂದು ಜಾಗದಲ್ಲಿ ಬೆರಳಿಟ್ಟರೆ ನೋವು, ಉಸಿರೆಳೆದರೆ ನೋವು, ಕೆಮ್ಮಿದರೆ ಪ್ರಾಣ ಹೋದಂತೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಎದೆಯ ಸುತ್ತ ಬಿಗಿಯಾಗಿ ಬಟ್ಟೆ ಕಟ್ಟುವುದು. ನೋವು ತುಸು ಕಡಿಮೆ ಅನ್ನಿಸುತ್ತದೆ, ಆದರೆ ಶ್ವಾಸಕೋಶ ಪೂರ್ತಿ ಹಿಗ್ಗುವುದಿಲ್ಲ, ಕಫ ಕಟ್ಟಿ ಕೆಲವೇ ದಿನಗಳಲ್ಲಿ ನ್ಯುಮೋನಿಯಾ ಬರುತ್ತದೆ. ಕಟ್ಟಬೇಡಿ. ಅರ್ಧ ಕೂರಿಸಿ, ನೋವಿರುವ ಬದಿಗೆ ಮಡಚಿದ ಟವೆಲ್ ಕೊಟ್ಟು ಅವನ ಕೈಯಿಂದಲೇ ಒತ್ತಿ ಹಿಡಿಸಿ. ಎಡಗಡೆಯ ಕೆಳ ಪಕ್ಕೆಲುಬುಗಳ ಹಿಂದೆ ಗುಲ್ಮ (ಸ್ಪ್ಲೀನ್), ಬಲಗಡೆ ಯಕೃತ್ತು (ಲಿವರ್) ಇವೆ. 9ರಿಂದ 11ನೇ ಪಕ್ಕೆಲುಬಿನ ಜಾಗದಲ್ಲಿ ನೋವಿದ್ದರೆ ಹೊಟ್ಟೆಗೂ ಪೆಟ್ಟಾಗಿದೆ ಎಂದೇ ನಡೆದುಕೊಳ್ಳಿ.

ಮೂರು ಅಥವಾ ಹೆಚ್ಚು ಅಕ್ಕಪಕ್ಕದ ಪಕ್ಕೆಲುಬುಗಳು ಎರಡೆರಡು ಕಡೆ ಮುರಿದರೆ ಎದೆಗೂಡಿನ ಒಂದು ತುಂಡೇ ಬಿಡಿಯಾಗುತ್ತದೆ. ಇದನ್ನು ನಿಂತು ನೋಡಿದರೆ ಕಾಣುವುದಿಲ್ಲ. ಗಾಯಾಳುವಿನ ಪಾದದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಎದೆಯ ಮಟ್ಟಕ್ಕೆ ತಂದು, ಮೊಬೈಲಿನ ಟಾರ್ಚನ್ನು ಒಂದು ಬದಿಯಿಂದ ಅಡ್ಡಕ್ಕೆ ಬಿಡಿ. ಉಸಿರು ಒಳಗೆ ಎಳೆದಾಗ ಉಳಿದ ಎದೆ ಏಳುತ್ತದೆ, ಆ ತುಂಡು ಮಾತ್ರ ಒಳಗೆ ಕುಸಿಯುತ್ತದೆ. ಉಸಿರು ಬಿಟ್ಟಾಗ ತಿರುಗುಮುರುಗು. ಹಿಂದೆ ಮರಳಿನ ಚೀಲ ಇಟ್ಟು ಅದನ್ನು ಒತ್ತಬೇಕು ಎಂದು ಕಲಿಸುತ್ತಿದ್ದರು. ಅದರಿಂದ ಉಸಿರು ಇನ್ನೂ ಕಷ್ಟವಾಗುತ್ತದೆ, ಆ ಪದ್ಧತಿ ಬಿಟ್ಟುಹೋಗಿದೆ. ಇಲ್ಲಿ ನಿಜವಾದ ಅಪಾಯ ಮೂಳೆಗಿಂತ ಅದರ ಕೆಳಗೆ ಜಜ್ಜಿದ ಶ್ವಾಸಕೋಶ. ಅದು ಗಂಟೆಗಳು ಕಳೆದಂತೆ ನೀರು ತುಂಬಿಕೊಂಡು ಕೆಡುತ್ತ ಹೋಗುತ್ತದೆ. ಈಗ ಮಾತಾಡುತ್ತಿದ್ದಾನೆ ಎಂಬ ಧೈರ್ಯ ಬೇಡ. ಆಮ್ಲಜನಕ ಮತ್ತು ಐ.ಸಿ.ಯು. ಇರುವ ಆಸ್ಪತ್ರೆಯೇ ಬೇಕು.

ಎದೆಯಲ್ಲಿ ತೂತು ಬಿದ್ದು, ಉಸಿರಿನ ಜೊತೆ ಅಲ್ಲಿಂದ ಸುಂಯ್ ಎಂದು ಗಾಳಿಯಾಡಿದರೆ, ನೊರೆರಕ್ತ ಗುಳ್ಳೆಯೆದ್ದರೆ, ಮೂಗು ಬಾಯಿ ಬಿಟ್ಟು ಆ ದಾರಿಯಲ್ಲೂ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ. ಹಳೆಯ ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿ ಪ್ಲಾಸ್ಟಿಕ್ ಇಟ್ಟು ಮೂರು ಬದಿ ಅಂಟಿಸಿ ಎಂದಿದೆ. ಈಗಿನ ಸಲಹೆ ಬೇರೆ: ತರಬೇತಿ ಇಲ್ಲದವರು ಆ ಗಾಯವನ್ನು ತೆರೆದೇ ಬಿಡುವುದು ಒಳ್ಳೆಯದು. ಕಾರಣವಿದೆ. ಮುಚ್ಚಿದ ಪ್ಲಾಸ್ಟಿಕ್ಕು ರಕ್ತಕ್ಕೆ ಅಂಟಿ ನಾಲ್ಕೂ ಬದಿ ಬಂದಾಗುತ್ತದೆ, ಶ್ವಾಸಕೋಶದಿಂದ ಸೋರಿದ ಗಾಳಿ ಹೊರಬರಲಾಗದೆ ಒಳಗೆ ಒತ್ತಡ ಏರುತ್ತದೆ, ಮುಂದೆ ಹೇಳುವ ಮಾರಕ ಸ್ಥಿತಿ ಉಂಟಾಗುತ್ತದೆ. ತೂತಿನ ಅಂಚಿನಿಂದ ರಕ್ತ ಜೋರಾಗಿ ಬರುತ್ತಿದ್ದರೆ ಮಾತ್ರ ಗಾಳಿಯಾಡುವ ಒಣ ಗಾಜ್ ಇಟ್ಟು ಒತ್ತಿ. ತೋಯ್ದು ಅಂಟಿದ ಕೂಡಲೇ ಬದಲಿಸಿ. ಇಟ್ಟ ಮೇಲೆ ಉಸಿರು ಕೆಟ್ಟರೆ ತಕ್ಷಣ ಎತ್ತಿಬಿಡಿ. ಕವಾಟವಿರುವ ಚೆಸ್ಟ್ ಸೀಲ್ ಆಂಬ್ಯುಲೆನ್ಸಿನವರ ಹತ್ತಿರ ಇದ್ದರೆ ಅದನ್ನು ಅವರು ಹಾಕುತ್ತಾರೆ.

ಆ ಮಾರಕ ಸ್ಥಿತಿಯನ್ನು ಡಾಕ್ಟರುಗಳು ಟೆನ್ಷನ್ ನ್ಯುಮೋಥೊರಾಕ್ಸ್ ಅನ್ನುತ್ತಾರೆ. ಪ್ರತಿ ಉಸಿರಿಗೂ ಗಾಳಿ ಎದೆಗೂಡಿಗೆ ಸೋರುತ್ತದೆ, ವಾಪಸು ಬರುವುದಿಲ್ಲ. ಆ ಬದಿಯ ಶ್ವಾಸಕೋಶ ಮುದುಡಿ, ಒತ್ತಡ ಹೃದಯವನ್ನೂ ದೊಡ್ಡ ರಕ್ತನಾಳಗಳನ್ನೂ ಆಚೆ ಬದಿಗೆ ತಳ್ಳುತ್ತದೆ, ಹೃದಯಕ್ಕೆ ರಕ್ತ ಮರಳುವುದು ನಿಲ್ಲುತ್ತದೆ. ಗುರುತು: ನೋಡನೋಡುತ್ತಿದ್ದಂತೆ ಹೆಚ್ಚುವ ಏದುಸಿರು, ಚಡಪಡಿಕೆ, ಒಂದು ಬದಿಯ ಎದೆ ಉಬ್ಬಿಕೊಂಡು ಆಡದಿರುವುದು, ಕುತ್ತಿಗೆಯ ನರ ಉಬ್ಬುವುದು, ತುಟಿ ನೀಲಿಗಟ್ಟುವುದು. ಗಂಟಲ ಕೊಳವೆ ಪಕ್ಕಕ್ಕೆ ಸರಿಯುವುದು ಕೊನೆಯ ಹಂತ, ಅದಕ್ಕಾಗಿ ಕಾಯಬಾರದು. ರಕ್ತವೂ ತುಂಬಾ ಹೋಗಿದ್ದರೆ ಕುತ್ತಿಗೆಯ ನರ ಉಬ್ಬದೆಯೂ ಇರಬಹುದು. ಸಾಮಾನ್ಯ ಜನ ಇಲ್ಲಿ ಮಾಡಬಹುದಾದದ್ದು ಗಾಯದ ಮೇಲೆ ಮುಚ್ಚಿದ್ದನ್ನು ತೆಗೆಯುವುದು, ಕೂರಿಸುವುದು, ಇನ್ನೊಮ್ಮೆ 108ಕ್ಕೆ ಫೋನ್ ಮಾಡಿ "ಕೆಡ್ತಾ ಇದೆ" ಎಂದು ಹೇಳುವುದು. ಒಳಗಿನ ಗಾಳಿ ಬಿಡಿಸಲು ಎದೆಗೆ ಸೂಜಿ ಚುಚ್ಚುವುದು ಕಲಿತ ಕೈಯ ಕೆಲಸ.

ಎದೆಯ ಕುಳಿಯಲ್ಲಿ ರಕ್ತ ತುಂಬಿದ್ದರೆ ಏದುಸಿರಿನ ಜೊತೆ ಮೈ ಬಿಳಿಚಿಕೊಳ್ಳುತ್ತದೆ, ಕುತ್ತಿಗೆಯ ನರ ಚಪ್ಪಟೆಯಾಗಿರುತ್ತದೆ. ಎದೆ ನಡುವಿನ ಇರಿತದಲ್ಲಿ ಹೃದಯದ ಸುತ್ತಲಿನ ಚೀಲಕ್ಕೆ ರಕ್ತ ಸೇರಿ ಹೃದಯವನ್ನೇ ಅಮುಕಬಹುದು. ಸಣ್ಣ ಚೂರಿಯ ಸಣ್ಣ ಗಾಯ, ಹೊರಗೆ ಅಷ್ಟೇನೂ ರಕ್ತವಿಲ್ಲ, ಮನುಷ್ಯ ಮಾತ್ರ ಕುಸಿಯುತ್ತಿದ್ದಾನೆ ಎಂದಾದರೆ ಇದೇ ಇರಬಹುದು. ಇವೆರಡಕ್ಕೂ ಬಯಲಲ್ಲಿ ಮದ್ದಿಲ್ಲ.

ಕೂರಿಸಬೇಕೋ ಮಲಗಿಸಬೇಕೋ? ಎಚ್ಚರವಿದ್ದು ಉಸಿರಿಗೆ ಕಷ್ಟವಿದ್ದರೆ ಒರಗಿಸಿ ಅರ್ಧ ಕೂರಿಸಿ, ಪೆಟ್ಟಾದ ಬದಿಗೆ ತುಸು ವಾಲಿಸಿ. ಚೆನ್ನಾಗಿರುವ ಶ್ವಾಸಕೋಶಕ್ಕೆ ಜಾಗ ಸಿಗಲಿ. ತಲೆ ಸುತ್ತುತ್ತಿದ್ದರೆ, ಮೈ ತಣ್ಣಗಿದ್ದರೆ ಮಲಗಿಸಿ. ಎತ್ತರದಿಂದ ಬಿದ್ದು ಕುತ್ತಿಗೆ, ಬೆನ್ನು ನೋಯುತ್ತಿದ್ದರೆ, ಕಾಲು ಜೋಮು ಹಿಡಿದಿದ್ದರೆ ಕೂರಿಸುವ ಹಾಗಿಲ್ಲ. ಎಚ್ಚರ ತಪ್ಪಿ ಉಸಿರಾಡುತ್ತಿದ್ದರೆ, ವಾಂತಿಯೋ ರಕ್ತವೋ ಬಾಯಲ್ಲಿದ್ದರೆ, ಕುತ್ತಿಗೆ ಹಿಡಿದುಕೊಂಡೇ ಪೆಟ್ಟಾದ ಬದಿ ಕೆಳಗೆ ಬರುವಂತೆ ಪಕ್ಕಕ್ಕೆ ಹೊರಳಿಸಿ.

ಹೊಟ್ಟೆಯ ಪೆಟ್ಟು

ಹೊಟ್ಟೆ ಎಲ್ಲಿ ಶುರುವಾಗುತ್ತದೆ ಎಂಬುದನ್ನೇ ಹಲವರು ತಪ್ಪು ತಿಳಿದಿದ್ದಾರೆ. ಪೂರ್ತಿ ಉಸಿರು ಬಿಟ್ಟಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮೊಲೆತೊಟ್ಟಿನ ಮಟ್ಟದವರೆಗೂ ಏರುತ್ತದೆ. ಅದಕ್ಕಿಂತ ಕೆಳಗಿನ ಯಾವುದೇ ಇರಿತ ಎದೆಗೂ ಹೊಟ್ಟೆಗೂ ಎರಡಕ್ಕೂ ತಾಗಿರಬಹುದು. ಬೆನ್ನು, ಸೊಂಟ, ಪೃಷ್ಠದ ಗಾಯವೂ ಹೊಟ್ಟೆಯೊಳಗೆ ಮುಟ್ಟಬಲ್ಲದು.

ಹೊರಗೆ ಗಾಯವಿಲ್ಲದ ಪೆಟ್ಟಿನಲ್ಲಿ ಹೆಚ್ಚು ಒಡೆಯುವುದು ಗುಲ್ಮ ಮತ್ತು ಯಕೃತ್ತು. ನೋಡಬೇಕಾದದ್ದು: ಕಾರಿನ ಸೀಟ್‌ಬೆಲ್ಟ್ ಹಾದ ಜಾಗದಲ್ಲಿ ಅಡ್ಡಕ್ಕೆ ಕಂದಿದ ಗೆರೆ (ಇದರ ಹಿಂದೆ ಕರುಳು ಹರಿದಿರುವ, ಬೆನ್ನೆಲುಬು ಮುರಿದಿರುವ ಸಂಭವವಿದೆ), ಟಯರಿನ ಗುರುತು, ಬೈಕ್ ಹ್ಯಾಂಡಲ್ಲಿನ ತುದಿಯ ದುಂಡನೆ ಕಲೆ. ಸೈಕಲ್ಲಿನಿಂದ ಬಿದ್ದ ಮಗುವಿನ ಹೊಕ್ಕುಳ ಮೇಲೆ ಇಂಥ ಕಲೆಯಿದ್ದರೆ ಆಟವಾಡುತ್ತಿದ್ದರೂ ತೋರಿಸಿ. ಮೇದೋಜೀರಕ ಗ್ರಂಥಿ, ಸಣ್ಣಕರುಳಿನ ಮೊದಲ ಭಾಗ ಹ್ಯಾಂಡಲ್ಲಿಗೂ ಬೆನ್ನೆಲುಬಿಗೂ ನಡುವೆ ಜಜ್ಜಿಹೋಗಿರುತ್ತವೆ, ವಾಂತಿ, ನೋವು ಶುರುವಾಗುವುದು ತಡವಾಗಿ. ಎಡಭುಜಕ್ಕೆ ಪೆಟ್ಟೇ ಬಿದ್ದಿಲ್ಲ, ಆದರೆ ಮಲಗಿದಾಗ ಅಲ್ಲಿ ನೋವು ಎಂದರೆ ಗುಲ್ಮದಿಂದ ಸೋರಿದ ರಕ್ತ ವಪೆಯನ್ನು ಕೆರಳಿಸುತ್ತಿರಬಹುದು. ಮೂತ್ರ ಕೆಂಪಾದರೆ ಕಿಡ್ನಿ ಅಥವಾ ಮೂತ್ರಚೀಲ.

ಕೈಯನ್ನು ಚಪ್ಪಟೆಯಾಗಿಟ್ಟು ನಾಲ್ಕು ಕಡೆ ಮೆಲ್ಲಗೆ ಒಮ್ಮೆ ಒತ್ತಿ ನೋಡಿ, ಅವನ ಮುಖ ನೋಡುತ್ತಾ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿದ್ದರೆ, ಕೈ ತೆಗೆದಾಗ ಮುಖ ಕಿವುಚಿದರೆ ಅಷ್ಟೇ ಸಾಕು, ಮತ್ತೆ ಮತ್ತೆ ಒತ್ತಬೇಡಿ. ಹೊಟ್ಟೆ ಮೆತ್ತಗಿದೆ ಎಂದ ಮಾತ್ರಕ್ಕೆ ಸರಿಯಿದೆ ಎಂದಲ್ಲ. ರಕ್ತ ಹೊಸದಾಗಿ ಸೋರುತ್ತಿರುವಾಗ ಹೊಟ್ಟೆ ಅಷ್ಟೇನೂ ನೋಯುವುದಿಲ್ಲ, ಕುಡಿದವರಲ್ಲಿ ನೋವೇ ತಿಳಿಯುವುದಿಲ್ಲ. ಸೊಂಟದ ಮೂಳೆಯನ್ನು ಎರಡೂ ಕಡೆಯಿಂದ ಅಲುಗಾಡಿಸಿ ಪರೀಕ್ಷಿಸುವವರಿದ್ದಾರೆ. ಮುರಿದಿದ್ದರೆ ಕಟ್ಟಿಕೊಂಡ ರಕ್ತ ಮತ್ತೆ ಹರಿಯುತ್ತದೆ. ಆ ಕೆಲಸ ಬೇಡ.

ಮಲಗಿಸಿ, ಮೊಣಕಾಲು ಮಡಚಿಸಿ, ಕೆಳಗೆ ಸುತ್ತಿದ ಚಾದರ ಇಡಿ. ಹೊಟ್ಟೆಯ ಸ್ನಾಯು ಸಡಿಲವಾಗಿ ನೋವು ಇಳಿಯುತ್ತದೆ. ಮೇಲೆ ಹೊದಿಸಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಇದು ಬೇಸಿಗೆಯ ಪುಣೆಯಲ್ಲೂ ನಿಜ. ಬಾಯಿಗೆ ಏನೂ ಕೊಡಬೇಡಿ: ನೀರು, ಚಹಾ, ಗ್ಲುಕೋಸ್, ಮಾತ್ರೆ ಯಾವುದೂ. ಆಪರೇಷನ್ನಿಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಾರಿಕೆ ಎಂದು ಅವನು ಗೋಗರೆದರೆ ಕೊಡದಿರುವುದು ಕಠಿಣ ಅನ್ನಿಸುತ್ತದೆ. ಆದರೆ ರಕ್ತ ಹೋದವರಿಗೆ ಬಾಯಾರಿಕೆ ಹೆಚ್ಚುತ್ತದೆ, ಅದೂ ಒಂದು ಎಚ್ಚರಿಕೆಯೇ. ಒದ್ದೆ ಬಟ್ಟೆಯಿಂದ ತುಟಿ ಒರೆಸಿ. ನೋವಿಗೆ ಎಂದು ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಬೇಡವೇ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಬಿಸಿನೀರಿನ ಚೀಲ, ಎಣ್ಣೆ ತಿಕ್ಕುವುದು, ಹೊಟ್ಟೆ ನೀವುವುದು ಇವೂ ಅಪಾಯ.

ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ. ತಳ್ಳಿದರೆ ಕೊಳೆ ಒಳಗೆ ಹೋಗುತ್ತದೆ, ಕರುಳು ತಿರುಚಿಕೊಳ್ಳುತ್ತದೆ, ಹರಿದ ತುಂಡು ಕಣ್ಣಿಗೆ ಬೀಳದೆ ಉಳಿಯುತ್ತದೆ. ಒಣಗಲು ಬಿಟ್ಟರೆ ಸಾಯುತ್ತದೆ. ಸೆಲೈನ್ ಬಾಟಲಿಯಿದ್ದರೆ ಅದರಿಂದ, ಇಲ್ಲದಿದ್ದರೆ ಸೀಲ್ ಒಡೆಯದ ಬಾಟಲಿಯ ನೀರಿನಿಂದ ಶುದ್ಧ ಬಟ್ಟೆ ತೋಯಿಸಿ ಮೇಲೆ ಹಾಸಿ, ಅದರ ಮೇಲೆ ಶುದ್ಧ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒಣ ಟವೆಲ್ ಬೆಚ್ಚಗಿರಲು. ಹತ್ತಿ ಇಡಬೇಡಿ, ಎಳೆಗಳು ಅಂಟುತ್ತವೆ. ಸಡಿಲವಾಗಿ ಕಟ್ಟಿ. ಮೊಣಕಾಲು ಮಡಚಿಯೇ ಇರಲಿ. ದಾರಿಯಲ್ಲಿ ಬಟ್ಟೆ ಒಣಗಿದರೆ ಮೇಲಿಂದಲೇ ಮತ್ತೆ ತೋಯಿಸಿ.

ಆರು ತಿಂಗಳ ಗರ್ಭಿಣಿಗೆ ಪೆಟ್ಟಾಗಿದ್ದರೆ ನೇರ ಅಂಗಾತ ಮಲಗಿಸಬೇಡಿ. ಬಲಗಡೆ ಸೊಂಟದ ಕೆಳಗೆ ಮಡಚಿದ ಚಾದರ ಇಟ್ಟು 15ರಿಂದ 30 ಡಿಗ್ರಿ ಎಡಕ್ಕೆ ವಾಲಿಸಿ. ಇಲ್ಲದಿದ್ದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಾಯಿಗೂ ಮಗುವಿಗೂ ರಕ್ತ ಸಾಲದು.

ಸರಳು ಚುಚ್ಚಿಕೊಂಡಿದ್ದರೆ

ಕಾಲಮ್ಮಿನಿಂದ ಮೇಲಕ್ಕೆ ಚಾಚಿದ ಕಬ್ಬಿಣದ ಸರಳುಗಳ ಮೇಲೆ ಬೀಳುವುದು ಕಟ್ಟಡ ಕೆಲಸದಲ್ಲಿ ನಡೆಯುವ ಅತಿ ಭೀಕರ ಅಪಘಾತಗಳಲ್ಲಿ ಒಂದು. ಸರಳನ್ನು ಎಳೆಯಬೇಡಿ, ಗಾಯಾಳುವನ್ನು ಅದರಿಂದ ಎತ್ತಲೂ ಬೇಡಿ. ಒಳಗೆ ಹರಿದ ರಕ್ತನಾಳವನ್ನು ಆ ಸರಳೇ ಒತ್ತಿ ಹಿಡಿದಿರಬಹುದು. ಎಳೆದ ಮರುಗಳಿಗೆ ರಕ್ತ ಬುಗ್ಗೆಯಂತೆ ಬರುತ್ತದೆ, ಅದನ್ನು ನಿಲ್ಲಿಸುವ ದಾರಿ ನಿಮ್ಮ ಹತ್ತಿರ ಇರುವುದಿಲ್ಲ.

ಇಬ್ಬರು ಅವನ ಭಾರ ಹೊರಲಿ, ಒಬ್ಬ ಗಾಯದ ಹತ್ತಿರ ಸರಳನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿಯಲಿ. ಸರಳು ನೆಲಕ್ಕೋ ಕಾಲಮ್ಮಿಗೋ ಸೇರಿದ್ದರೆ ಅಗ್ನಿಶಾಮಕ ದಳವನ್ನೂ ಕರೆಸಿ (101), ಅದನ್ನು ಅವರು ಕತ್ತರಿಸುತ್ತಾರೆ. ಸೈಟಿನ ಗ್ರೈಂಡರಿನಿಂದ ನೀವೇ ಕತ್ತರಿಸಲು ಹೊರಟರೆ ಎರಡು ತೊಂದರೆ: ಕಬ್ಬಿಣ ಕೆಂಪಗೆ ಕಾಯ್ದು ಒಳಗಿನ ಮಾಂಸ ಸುಡುತ್ತದೆ, ನಡುಕಕ್ಕೆ ಒಳಗಿನ ಗಾಯ ಇನ್ನಷ್ಟು ಹರಿದುಹೋಗುತ್ತದೆ. ಸಹಾಯ ಬರುವ ಹಾಗೇ ಇಲ್ಲ ಎಂದಾದರೆ ಮಾತ್ರ, ಮೈಯಿಂದ ದೂರದಲ್ಲಿ, ಸರಳಿಗೆ ಎಡೆಬಿಡದೆ ನೀರು ಸುರಿಯುತ್ತಾ, ಗಾಯದ ಹತ್ತಿರ ಬಿಗಿಯಾಗಿ ಹಿಡಿದು, ಕಿಡಿ ತಾಗದಂತೆ ಒದ್ದೆ ಗೋಣಿ ಅಡ್ಡ ಹಿಡಿದು ಕತ್ತರಿಸಬೇಕು.

ಹೊರಗೆ ಉಳಿದ ಭಾಗಕ್ಕೆ ಆಸರೆ ಕಟ್ಟುವುದು ಹೀಗೆ. ಎರಡು ಟವೆಲ್ ತೆಗೆದುಕೊಂಡು ಲಟ್ಟಣಿಗೆಯಷ್ಟು ದಪ್ಪ ಸುತ್ತಿ. ಸರಳಿನ ಎಡಕ್ಕೊಂದು ಬಲಕ್ಕೊಂದು ಮೈಗೆ ಆನಿಸಿ ಇಡಿ. ಇನ್ನೆರಡನ್ನು ಅವುಗಳ ಮೇಲೆ ಅಡ್ಡಕ್ಕೆ ಇಡಿ, ಚೌಕಟ್ಟಿನಂತೆ. ಸರಳು ಎಷ್ಟು ಎತ್ತರ ಹೊರಗಿದೆಯೋ ಅದರ ಅರ್ಧದಷ್ಟಾದರೂ ಎತ್ತರ ಬರುವ ತನಕ ಹೀಗೇ ಏರಿಸಿ. ಆಮೇಲೆ ಉದ್ದನೆ ಬಟ್ಟೆಯನ್ನು ಟವೆಲುಗಳ ಮೇಲಿಂದ ಹಾಯಿಸಿ ಮೈ ಸುತ್ತ ಕಟ್ಟಿ, ಸರಳಿನ ತುದಿಯ ಮೇಲೆ ಮಾತ್ರ ಬಟ್ಟೆ ಹಾಯಬಾರದು. ಉಸಿರೆಳೆಯಲು ಎಡೆಯಿದೆಯೇ ನೋಡಿ. ತುದಿ ಬೆರಳಿನಿಂದ ತಾಗಿಸಿದರೆ ಅಲುಗಬಾರದು. ಬೆನ್ನಿನ ಕಡೆ ಹೊರಬಂದಿದ್ದರೆ ಅಲ್ಲೂ ಹೀಗೆಯೇ ಕಟ್ಟಿ, ಪಕ್ಕಕ್ಕೆ ಮಲಗಿಸಿಯೇ ಸಾಗಿಸಬೇಕು.

ಸಾಗಿಸುವುದು

ಆಂಬ್ಯುಲೆನ್ಸ್ ಬರುವಂತಿದ್ದರೆ ಕಾಯಿರಿ. ತುಂಬಾ ತಡವೆಂದು 108ರವರೇ ಹೇಳಿದರೆ ಛೋಟಾ ಹಾಥಿ (ಸಣ್ಣ ಗೂಡ್ಸ್ ಗಾಡಿ), ವ್ಯಾನು, ದೊಡ್ಡ ಕಾರು ನೋಡಿ. ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು: ಎದೆ ಹೊಟ್ಟೆ ಅದುಮುತ್ತದೆ, ಪ್ರಜ್ಞೆ ತಪ್ಪಿದರೆ ಉಸಿರಿನ ದಾರಿ ಮುಚ್ಚುತ್ತದೆ. ಸೆಂಟ್ರಿಂಗಿನ ಪ್ಲೈವುಡ್ ಹಲಗೆ ಒಳ್ಳೆಯ ಸ್ಟ್ರೆಚರ್ ಆಗುತ್ತದೆ. ಮೊಳೆ ಬಡಿದು ಮಟ್ಟ ಮಾಡಿ, ಚಾದರ ಹಾಸಿ. ತಲೆಯ ಹತ್ತಿರ ಕೂತವನ ಲೆಕ್ಕಕ್ಕೆ ನಾಲ್ವರು ಒಟ್ಟಿಗೆ ಹೊರಳಿಸಬೇಕು, ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿ ತಿರುಗಬೇಕು.

ಹತ್ತಿರದ ಆಸ್ಪತ್ರೆ ಎಂದರೆ ಸಾಲದು. ರಾತ್ರಿಯಲ್ಲೂ ಸರ್ಜನ್, ಆಪರೇಷನ್ ಥಿಯೇಟರ್, ರಕ್ತ, ಸಿ.ಟಿ. ಸ್ಕ್ಯಾನ್ ಇರುವ ಜಾಗ ಬೇಕು. ಸರ್ಕಾರಿ ಕಡೆ ಪುಣೆ ಸ್ಟೇಷನ್ ಹತ್ತಿರದ ಸಸೂನ್, ಪಿಂಪ್ರಿಯಲ್ಲಿ ಯಶವಂತರಾವ್ ಚವಾಣ್ ಸ್ಮಾರಕ ಆಸ್ಪತ್ರೆ ಇವೆ. ಜನ ಅದನ್ನು ವೈ.ಸಿ.ಎಂ. ಎಂದೇ ಕರೆಯುತ್ತಾರೆ. ಗೋವಾದಲ್ಲಿದ್ದವರಿಗೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ದಾರಿಯಲ್ಲಿ ಉಸಿರು ನಿಲ್ಲುವಂತಿದ್ದರೆ ಮಾತ್ರ ಮೊದಲು ಸಿಕ್ಕ ದವಾಖಾನೆಗೆ ನುಗ್ಗಿ.

ಪೊಲೀಸ್ ಕೇಸಿನ ಹೆದರಿಕೆಗೆ ಕೈ ಹಿಂದೆಗೆಯಬೇಡಿ. ರಸ್ತೆ ಅಪಘಾತದ ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ ಎಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಹೇಳುತ್ತದೆ. ಕಾಗದಪತ್ರಕ್ಕೆ ಕಾಯದೆ ತುರ್ತು ಚಿಕಿತ್ಸೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಸೈಟಿನಲ್ಲಿ ಬಿದ್ದವನನ್ನು "ಬಾತ್‌ರೂಮಿನಲ್ಲಿ ಜಾರಿ ಬಿದ್ದ ಅಂತ ಹೇಳು" ಎಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ. ಎರಡನೇ ಮಹಡಿಯಿಂದ ಬಿದ್ದ ಎಂಬುದನ್ನು ಮುಚ್ಚಿಟ್ಟರೆ ಡಾಕ್ಟರು ಗುಲ್ಮ, ಸೊಂಟ, ಬೆನ್ನೆಲುಬು ಹುಡುಕುವುದಿಲ್ಲ. ಮುಂದೆ ಪರಿಹಾರ ಕೇಳುವಾಗಲೂ ಆಸ್ಪತ್ರೆಯ ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಿ ದಾಖಲಿಸುವ ಮೆಡಿಕೋ-ಲೀಗಲ್ ಕೇಸ್) ದಾಖಲೆಯೇ ಕೈಹಿಡಿಯುವುದು. ಎಷ್ಟು ಎತ್ತರ, ಯಾವುದರ ಮೇಲೆ, ಎಷ್ಟು ಗಂಟೆಗೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾನೆಯೇ, ಕೊನೆಯ ಊಟ ಯಾವಾಗ: ಇಷ್ಟು ಹೇಳಿ, ರಟ್ಟಿನ ಚೀಟಿ ಕೊಡಿ.

ಸಣ್ಣ ದವಾಖಾನೆಯ ಡಾಕ್ಟರು, ನರ್ಸುಗಳಿಗೆ

ಚೀಲವಿರುವ ಮಾಸ್ಕಿನಲ್ಲಿ ನಿಮಿಷಕ್ಕೆ 10ರಿಂದ 15 ಲೀಟರ್ ಆಮ್ಲಜನಕ. ಎರಡು ದಪ್ಪ ಕ್ಯಾನ್ಯುಲಾ, 16 ಅಥವಾ 18 ಗೇಜ್. ಟೆನ್ಷನ್ ನ್ಯುಮೋಥೊರಾಕ್ಸ್ ಎಂದು ಮೈ ನೋಡಿಯೇ ನಿರ್ಧರಿಸಬೇಕು, ಎಕ್ಸ್‌ರೇಗೆ ಕಳಿಸಿದರೆ ಅಲ್ಲೇ ಮುಗಿಯುತ್ತದೆ. ದೊಡ್ಡವರಲ್ಲಿ 4 ಅಥವಾ 5ನೇ ಪಕ್ಕೆಲುಬಿನ ಸಂದಿ, ಕಂಕುಳ ನಡುಗೆರೆಗಿಂತ ತುಸು ಮುಂದೆ, ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ತಾಗಿಸಿ ಚುಚ್ಚಿ. ರಕ್ತನಾಳ ಮತ್ತು ನರ ಪ್ರತಿ ಪಕ್ಕೆಲುಬಿನ ಕೆಳಂಚಿನಲ್ಲಿ ಸಾಗುತ್ತವೆ. 14 ಗೇಜಿನ ಮಾಮೂಲಿ ಕ್ಯಾನ್ಯುಲಾ ಐದು ಸೆಂಟಿಮೀಟರಿನಷ್ಟೇ ಉದ್ದ, ದಪ್ಪ ಎದೆಯಲ್ಲಿ ಒಳಗೆ ಮುಟ್ಟದೆ ಹೋಗಬಹುದು. ಎಂಟು ಸೆಂಟಿಮೀಟರಿನದ್ದು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ, ಕಲಿತಿದ್ದರೆ, ಅದೇ ಜಾಗದಲ್ಲಿ ಕೊಯ್ದು ಬೆರಳು ಹಾಕಿ ಗಾಳಿ ಬಿಡಿ. ಮಕ್ಕಳಲ್ಲಿ ಜಾಗ ಬೇರೆ: 2ನೇ ಸಂದಿ, ಕೊರಳೆಲುಬಿನ (ಕಾಲರ್ ಬೋನ್) ನಡುಗೆರೆ. ಸೂಜಿ ಮಡಚಿಕೊಂಡು ಮುಚ್ಚಿಹೋಗುತ್ತದೆ, ತಡಮಾಡದೆ ಎದೆಗೆ 28ರಿಂದ 32 ಫ್ರೆಂಚ್ ಟ್ಯೂಬ್ ಬೇಕು. ಟ್ಯೂಬ್ ಹಾಕಿದ ಕೂಡಲೇ 1500 ಮಿ.ಲೀ. ರಕ್ತ ಬಂದರೆ, ಇಲ್ಲವೇ ಗಂಟೆಗೆ 200 ಮಿ.ಲೀ.ಯಂತೆ ಎರಡರಿಂದ ನಾಲ್ಕು ಗಂಟೆ ಬರುತ್ತಿದ್ದರೆ ಎದೆ ತೆರೆಯುವ ಸರ್ಜನ್ ಬೇಕು.

ಸೆಲೈನ್ ಬಾಟಲಿಯ ಮೇಲೆ ಬಾಟಲಿ ಏರಿಸುವುದು ಈಗಲೂ ಬಿಡದ ಚಾಳಿ. ರಕ್ತ ತೆಳ್ಳಗಾಗುತ್ತದೆ, ಮೈ ತಣ್ಣಗಾಗುತ್ತದೆ, ಕಟ್ಟಿದ ಹೆಪ್ಪು ಒತ್ತಡಕ್ಕೆ ಕಿತ್ತುಹೋಗುತ್ತದೆ. ತಲೆಗೆ ಪೆಟ್ಟಿಲ್ಲದಿದ್ದರೆ 250 ಮಿ.ಲೀ.ಯಂತೆ ಕೊಟ್ಟು ಮಣಿಕಟ್ಟಿನ ನಾಡಿ ಸಿಕ್ಕಲ್ಲಿಗೆ ನಿಲ್ಲಿಸಿ, ಒಟ್ಟು ಒಂದು ಲೀಟರ್ ದಾಟುವ ಮೊದಲು ರಕ್ತಕ್ಕೆ ಹೋಗಿ. ತಲೆಗೂ ಪೆಟ್ಟಾಗಿದ್ದರೆ ಬಿ.ಪಿ. ಇಳಿಯಲು ಬಿಡುವಂತಿಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ, ಅಂದರೆ 500 ಮಿ.ಗ್ರಾಂನ ಎರಡು ಆಂಪೂಲು, 100 ಮಿ.ಲೀ. ಸೆಲೈನಿನಲ್ಲಿ ಹತ್ತು ನಿಮಿಷಕ್ಕೆ; ಆಮೇಲೆ ಇನ್ನೊಂದು ಗ್ರಾಂ ಎಂಟು ಗಂಟೆಗೆ. ಗಾಯವಾಗಿ ಮೂರು ಗಂಟೆಯೊಳಗೆ ಶುರುವಾಗಬೇಕು, ತಡವಾದರೆ ಉಪಕಾರಕ್ಕಿಂತ ಅಪಕಾರ. ಅಲ್ಟ್ರಾಸೌಂಡ್ ಇದ್ದರೆ ಹೃದಯದ ಸುತ್ತ, ಯಕೃತ್ತು-ಕಿಡ್ನಿ ನಡುವೆ, ಗುಲ್ಮದ ಸುತ್ತ, ಕಿಬ್ಬೊಟ್ಟೆ, ಈ ನಾಲ್ಕು ಕಡೆ ನೋಡಿ. ಏನೂ ಕಾಣದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಕರುಳಿನ ತೂತು, ಬೆನ್ನಿನ ಕಡೆಯ ರಕ್ತ ಇದರಲ್ಲಿ ಸಿಗುವುದಿಲ್ಲ. ನಿಮ್ಮಲ್ಲಿ ಸರ್ಜನ್ ಇಲ್ಲದಿದ್ದರೆ ಸಿ.ಟಿ.ಗೆ ಕಾಯದೆ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ಕಳಿಸಿ.

ಮನೆಗೆ ಬಂದ ಮೇಲೆ

ಗುಲ್ಮ, ಯಕೃತ್ತು ಬಿರಿದಿದ್ದರೂ ಬಿ.ಪಿ. ಇಳಿಯದೆ ಸ್ಥಿರವಾಗಿದ್ದರೆ ಆಪರೇಷನ್ ಇಲ್ಲದೆ ಬರೀ ಕಾದು ನೋಡಿ ಗುಣಪಡಿಸುವುದು ಈಗ ಸಾಮಾನ್ಯ. "ಏನೂ ಮಾಡ್ತಿಲ್ಲ, ಸುಮ್ನೆ ಮಲಗಿಸಿದಾರೆ" ಎಂದು ಡಿಸ್ಚಾರ್ಜ್ ಮಾಡಿಸಿಕೊಂಡು ರಾತ್ರಿ ಬಸ್ಸಿಗೆ ಊರಿಗೆ ಹೊರಡುವುದು ಜೀವಕ್ಕೆ ಎರವಾಗಬಹುದು. ಬಿರುಕುಬಿಟ್ಟ ಗುಲ್ಮ ದಿನಗಳ ಮೇಲೂ ಒಡೆಯುತ್ತದೆ. ಭಾರ ಎತ್ತುವುದು, ಏಣಿ ಹತ್ತುವುದು, ಬೈಕ್ ಓಡಿಸುವುದು ಡಾಕ್ಟರು ಹೇಳಿದಷ್ಟು ದಿನ ಬೇಡವೇ ಬೇಡ.

ಪಕ್ಕೆಲುಬು ಕೂಡಲು ಆರು ವಾರ ಬೇಕು. ಡಾಕ್ಟರು ಬರೆದ ನೋವಿನ ಮಾತ್ರೆ ತಪ್ಪಿಸದೆ ನುಂಗಿ, ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ಆಳವಾಗಿ ಉಸಿರೆಳೆದು, ದಿಂಬು ಒತ್ತಿಕೊಂಡು ಕೆಮ್ಮಿ. ಮೂರು ಚೆಂಡಿನ ಸ್ಪೈರೋಮೀಟರ್ (ಉಸಿರಿನ ವ್ಯಾಯಾಮದ ಉಪಕರಣ) ಕೊಟ್ಟಿದ್ದರೆ ಅದನ್ನು ಊದುವುದಲ್ಲ, ಎಳೆಯುವುದು. 65 ದಾಟಿದವರಿಗೆ ಮೂರು ಅಥವಾ ಹೆಚ್ಚು ಪಕ್ಕೆಲುಬು ಮುರಿದಿದ್ದರೆ ಮನೆಗಿಂತ ಆಸ್ಪತ್ರೆಯೇ ಸರಿ. ಗುಲ್ಮ ತೆಗೆದಿದ್ದರೆ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಲಸಿಕೆಗಳನ್ನು ಹಾಕಿಸಿಕೊಳ್ಳಬೇಕು, ಸಾಮಾನ್ಯವಾಗಿ ಆಪರೇಷನ್ ಆಗಿ ಎರಡು ವಾರಕ್ಕೆ. ಮುಂದೆ ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ "ಗುಲ್ಮ ತೆಗೆದಿದ್ದಾರೆ" ಎಂದು ಮೊದಲೇ ಹೇಳಬೇಕು. ಹಾಗೆಂದು ಬರೆದ ಚೀಟಿ ಆಧಾರ್ ಕಾರ್ಡಿನ ಜೊತೆಗೇ ಇರಲಿ.

ಹೊಟ್ಟೆನೋವು ಹೆಚ್ಚಿದರೆ, ಹೊಟ್ಟೆ ಉಬ್ಬಿದರೆ, ಹಸಿರು ವಾಂತಿ, ಕಪ್ಪು ಮಲ, ಕೆಂಪು ಮೂತ್ರ, ಎದ್ದು ನಿಂತಾಗ ಕಣ್ಣು ಕತ್ತಲೆ, ಹೊಸದಾಗಿ ಏದುಸಿರು, ಎಡಭುಜದ ನೋವು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ವಾಪಸು ಹೋಗಿ, ಹೋಗುವ ಮುಂಚೆ ಏನೂ ತಿನ್ನಬೇಡಿ, ಕುಡಿಯಬೇಡಿ.